ಪದಚರ್ಚೆ: ‘ಮೈಲೇಜ್ ರೀಇಂಬರ್ಸ್‌ಮೆಂಟ್ ರೇಟ್’ – ಗುರುವಾರದೊಳಗೆ ಬೇಕು

ಕರಡುಪ್ರತಿ:
ಅಮೆರಿಕದಲ್ಲಿ ಸರ್ಕಾರಿ ಗುತ್ತಿಗೆ ಹಿಡಿದ ಸಂಸ್ಥೆಯೊಂದರ ಪ್ರಯಾಣ ಬಿಲ್ಲುಗಳನ್ನು ಮೈಸೂರಿನಲ್ಲಿ ಕೂತು ತಪಾಸಣೆ ಮಾಡುವವರಿಗೆ ಕನ್ನಡ ಕೈಪಿಡಿ ತಯಾರಾಗುತ್ತಿದೆ. ಗುರುವಾರ ಅಚ್ಚಿಗೆ ಹೋಗಬೇಕು. ‘ಮೈಲೇಜ್ ರೀಇಂಬರ್ಸ್‌ಮೆಂಟ್ ರೇಟ್’ (ಸ್ವಂತ ಕಾರು ಓಡಿಸಿದ್ದಕ್ಕೆ ಮೈಲಿಗೆ ಇಷ್ಟೆಂದು ಕೊಡುವ ದರ) ಎಂಬುದಕ್ಕೆ ‘ಮೈಲೇಜ್ ಮರುಪಾವತಿ ದರ’ ಎಂದು ಹಾಕಿದ್ದೇನೆ. ವಾಕ್ಯ ಹೀಗಿದೆ: ‘ಗುತ್ತಿಗೆದಾರರು ಖಾಸಗಿ ವಾಹನ ಬಳಸಿದರೆ ಮೈಲೇಜ್ ಮರುಪಾವತಿ ದರ 2025ರಲ್ಲಿ ಮೈಲಿಗೆ 70 ಸೆಂಟ್, 2024ರಲ್ಲಿ 67 ಇತ್ತು. ರಸ್ತೆ ಸುಂಕ, ಪಾರ್ಕಿಂಗ್ ಬೇರೆ. ಪೆಟ್ರೋಲು, ಆಯಿಲ್, ವಿಮೆ, ರಿಪೇರಿ ದರದೊಳಗೇ ಸೇರಿವೆ.’ ಸರಿಯೇ?

ಹಳೆಕಡತ:
ಸರಿಯಿಲ್ಲ. ನಮ್ಮಲ್ಲಿ ಮೈಲೇಜ್ ಅಂದರೆ ಲೀಟರಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ ಅನ್ನುವುದು. ಕಾರು ಕಡಿಮೆ ಮೈಲೇಜ್ ಕೊಟ್ಟರೆ ದರ ಹೆಚ್ಚು ಸಿಗುತ್ತದೋ ಎಂದು ಮೊದಲ ದಿನವೇ ಕೇಳುತ್ತಾರೆ.

ಮರುಪಾವತಿಯೂ ಬೇಡ. ಬ್ಯಾಂಕಿನವರಿಗೆ ಅದು ಸಾಲ ತೀರಿಸುವುದು. ಸರ್ಕಾರಿ ನೌಕರರಿಗೆ ವೈದ್ಯಕೀಯ ವೆಚ್ಚ ಮರುಪಾವತಿ, ಅಂದರೆ ಆದ ಖರ್ಚನ್ನು ರಸೀದಿ ನೋಡಿ ಕೊಡುವುದು. ಇಲ್ಲಿ ಪೆಟ್ರೋಲ್ ರಸೀದಿ ಬೇಕಾಗಿಯೇ ಇಲ್ಲ. ಓಡಿದ ದೂರವನ್ನು ದರದಿಂದ ಗುಣಿಸಿದರೆ ಮುಗಿಯಿತು: 120 ಮೈಲಿಗೆ 84 ಡಾಲರ್, ಬಂಕಿನಲ್ಲಿ 15 ಕೊಟ್ಟಿರಲಿ, 30 ಕೊಟ್ಟಿರಲಿ. ಇಂಥದ್ದಕ್ಕೆ ಭತ್ಯೆ ಎನ್ನುತ್ತಾರೆ. ‘ಮೈಲಿ ಭತ್ಯೆ’ ಎಂದು ಹಾಕಿ. ಪ್ರಯಾಣ ಭತ್ಯೆ, ದಿನಭತ್ಯೆಗಳ ಪಕ್ಕ ಸಲೀಸಾಗಿ ಕೂರುತ್ತದೆ.

ಬೇರುನುಡಿ:
ಭತ್ಯೆ ಯಾವ ಊರಿನ ಕನ್ನಡ ಸ್ವಾಮಿ? ಆ ಮಹಾಪ್ರಾಣ ಯಾರ ಬಾಯಲ್ಲಿದೆ? ‘ಹಾದಿಹಣ’ ಎನ್ನಿ. ಓದಿದ ಕೂಡಲೇ ತಿಳಿಯುತ್ತದೆ.

ತುಂಗಾತೀರ:
ಹಾದಿಹಣ ಅಂದರೆ ಟೋಲ್ ಕಟ್ಟುವ ದುಡ್ಡು ಅಂದುಕೊಳ್ಳುತ್ತಾರೆ. ಟೋಲ್ ಬೇರೆಯಾಗಿಯೇ ಸಿಗುತ್ತದೆ ಎಂದು ಮೇಲಿನ ವಾಕ್ಯವೇ ಹೇಳುತ್ತಿದೆ. ಇನ್ನು ಹಣ ಅಚ್ಚಗನ್ನಡವೋ ಸಂಸ್ಕೃತದ ‘ಪಣ’ದಿಂದ ಬಂದದ್ದೋ ಎಂಬ ಜಗಳ ಬೇರೆ ಇದೆ.

ಭತ್ಯೆಯನ್ನು ಅಷ್ಟು ಹಗುರಾಗಿ ಕಾಣಬೇಡಿ. ಸಂಸ್ಕೃತದ ‘ಭಕ್ತ’ಕ್ಕೆ ಅನ್ನ ಎಂಬ ಅರ್ಥವಿದೆ, ನಮ್ಮ ಗದ್ದೆಯ ಭತ್ತವೂ ಅದೇ ಕುಲ. ಊಟದ ಲೆಕ್ಕದಲ್ಲಿ ಕೊಟ್ಟದ್ದು ಭತ್ತೆಯಾಯಿತು, ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ ಬಟ್ಟಾ ಆಯಿತು. 1766ರಲ್ಲಿ ಕಂಪನಿಯ ಗವರ್ನರ್ ಕ್ಲೈವ್ ಇಮ್ಮಡಿ ಬತ್ತೆ ಕಿತ್ತುಕೊಂಡಾಗ ಬಂಗಾಳದ ಬಿಳಿ ಅಧಿಕಾರಿಗಳೇ ತಿರುಗಿಬಿದ್ದರು. ಕೋರ್ಟಿನಲ್ಲಿ ಸಾಕ್ಷಿಗೆ ಇವತ್ತಿಗೂ ಬತ್ತೆ. ಟ್ಯಾಕ್ಸಿ ಬಿಲ್ಲಿನಲ್ಲಿ ಡ್ರೈವರ್ ಬಾಟಾ. ಹೀಗಾಗಿ ಬತ್ತೆ ಊಟಕ್ಕೆ, ದಿನಕ್ಕೆ ಸಲ್ಲುವ ಪದ. ಚಕ್ರ ಸವೆದದ್ದಕ್ಕೆ ಅನ್ನದ ಪದ ಹಚ್ಚುವುದು ನನಗೆ ಒಪ್ಪಿಗೆಯಿಲ್ಲ.

ಹಳೆಕಡತ:
ಹಾಗಾದರೆ ಮನೆ ಬಾಡಿಗೆ ಭತ್ಯೆಯನ್ನೂ ಬಿಡಿ. ತುಟ್ಟಿಭತ್ಯೆಯಲ್ಲಿ ಯಾವ ಅನ್ನ ಬೇಯುತ್ತಿದೆ?

ವ್ಯುತ್ಪತ್ತಿ ಸಾಕು, ವಾಕ್ಯದಲ್ಲಿರುವ ನಿಜವಾದ ದೋಷ ಯಾರ ಕಣ್ಣಿಗೂ ಬಿದ್ದಿಲ್ಲ. ಆ 70 ಸೆಂಟ್ ಜಿಎಸ್‌ಎ (ಅಮೆರಿಕ ಸರ್ಕಾರದ ಸಾಮಾನ್ಯ ಸೇವೆಗಳ ಆಡಳಿತ ಸಂಸ್ಥೆ) ಫೆಡರಲ್, ಅಂದರೆ ಕೇಂದ್ರ ಸರ್ಕಾರಿ ನೌಕರರಿಗೆ 2025ಕ್ಕೆ ಗೊತ್ತುಮಾಡಿದ ದರ. ಗುತ್ತಿಗೆ ಸಂಸ್ಥೆಗಳ ವೆಚ್ಚಕ್ಕೆ ಸಂಬಂಧಿಸಿದ ಎಫ್‌ಎಆರ್ (ಅಲ್ಲಿನ ಸರ್ಕಾರಿ ಖರೀದಿ ನಿಯಮಾವಳಿ) 31.205-46 ಸರ್ಕಾರಿ ಮಿತಿಯನ್ನು ಹಾಕುವುದು ವಸತಿ, ಊಟ ಮತ್ತು ಸಣ್ಣಪುಟ್ಟ ಖರ್ಚಿಗೆ. ವಾಹನದ ವೆಚ್ಚವನ್ನು ಮೈಲಿ ದರದಲ್ಲಿ ಹಾಕಬಹುದು, ನಿಜವೆಚ್ಚದಲ್ಲಿ ಹಾಕಬಹುದು, ಎರಡನ್ನೂ ಬೆರೆಸಬಹುದು. ಮೊತ್ತ ಸಮಂಜಸವಾಗಿದ್ದರೆ ಆಯಿತು. ಆದರೆ ಎಷ್ಟೋ ಗುತ್ತಿಗೆ ಪತ್ರಗಳು ಜಿಎಸ್‌ಎ ದರವನ್ನೇ ಮಿತಿ ಎಂದು ಬರೆದುಕೊಂಡಿರುತ್ತವೆ. ಆದ್ದರಿಂದ ‘ದರ’ ಎಂದು ಬಿಟ್ಟರೆ ತಪ್ಪು, ‘ಗುತ್ತಿಗೆ ಪತ್ರದಲ್ಲಿ ಹೇಳಿದ್ದರೆ ಗರಿಷ್ಠ’ ಎಂದಾಗಬೇಕು. ಜಿಎಸ್‌ಎಯ 2025ರ ದರಗಳ ಕೋಷ್ಟಕದಲ್ಲಿ 21 ಸೆಂಟ್ ಎಂಬ ಸಾಲೂ ಇತ್ತು: ಸರ್ಕಾರಿ ಕಾರು ಸಿಗುವಂತಿದ್ದೂ ತನ್ನ ಕಾರು ಒಯ್ದ ಸರ್ಕಾರಿ ನೌಕರನಿಗೆ ಅದು. ಅದನ್ನು ಇಲ್ಲಿಗೆ ಎಳೆದು ತರಬೇಡಿ.

‘ಗುತ್ತಿಗೆದಾರ’ ಎಂದರೆ ಓದುಗರಿಗೆ ಲೋಕೋಪಯೋಗಿ ಇಲಾಖೆಯ ರಸ್ತೆ ಕಂಟ್ರಾಕ್ಟರು ಕಾಣುತ್ತಾರೆ. ‘ಗುತ್ತಿಗೆ ನೌಕರ’ ಎಂದರೆ ಹಂಗಾಮಿ. ‘ಗುತ್ತಿಗೆ ಸಂಸ್ಥೆಯ ನೌಕರ’ ಎಂದು ಉದ್ದವಾಗಿಯೇ ಬರೆಯಿರಿ. ‘ಖಾಸಗಿ ವಾಹನ’ ಬೇಡ, ಬಾಡಿಗೆಗೆ ತಂದ ಕಾರೂ ಖಾಸಗಿಯದೇ. ಅದಕ್ಕೆ ಮೈಲಿ ಲೆಕ್ಕವಿಲ್ಲ, ನಿಜವೆಚ್ಚ. ‘ಸ್ವಂತ ವಾಹನ’ ಸಾಕು.

ಬೇರುನುಡಿ:
ಗುತ್ತಿಗೆ ನಮ್ಮದು, ದಾರ ಪಾರಸಿ. ಸಂಸ್ಥೆ, ನೌಕರ, ವಾಹನ ಒಂದೂ ನಮ್ಮದಲ್ಲ. ಒಂದು ಸಾಲು ಕನ್ನಡ ಬರೆಯಲು ನಾಲ್ಕು ಕಡೆ ಕೈಚಾಚಬೇಕೇ? ಮೈಲಿಯಾದರೂ ಯಾಕೆ, ದೂರಕ್ಕೆ ನಮ್ಮ ಹಳೆಯ ಅಳತೆ ಹರದಾರಿ ಇತ್ತಲ್ಲ.

ಹಳೆಕಡತ:
ಹರದಾರಿಗೆ ಎಷ್ಟು ಸೆಂಟ್ ಎಂದು ನೀವೇ ಲೆಕ್ಕ ಹಾಕಿ ಕಳಿಸಿ.

ತುಂಗಾತೀರ:
ಮೈಲಿ ಲ್ಯಾಟಿನ್ನಿನ ಸಾವಿರ ಜೋಡಿಹೆಜ್ಜೆ. ಇಂಗ್ಲಿಷಿನವರೂ ಎರವಲು ಪಡೆದದ್ದೇ, ಅದಕ್ಕಾಗಿ ಅಲ್ಲಿ ಯಾರೂ ಅತ್ತಿಲ್ಲ. ಅಂಕೆಗೆ ಅಂಟಿದ ಪದವನ್ನು ಬದಲಿಸಿದರೆ ಅಂಕೆಯೂ ತಪ್ಪುತ್ತದೆ. ಕಿಲೋಮೀಟರಿಗೆ ತಿರುಗಿಸುವ ಉತ್ಸಾಹವೂ ಬೇಡ. 70ರ ಬದಲು 43.5 ಎಂದು ಹಾಕಿದರೆ ಬಿಲ್ಲಿನಲ್ಲಿ ಆ ಸಂಖ್ಯೆ ಎಲ್ಲಿಯೂ ಸಿಗದೆ ತಪಾಸಣೆಯವರು ಪರದಾಡುತ್ತಾರೆ.

ಕರಡುಪ್ರತಿ:
‘ಸ್ವಂತ ವಾಹನದ ಮೈಲಿ ಭತ್ಯೆ (ಗರಿಷ್ಠ ದರ)’ ಎಂದು ತಿದ್ದಿದೆ. ಮುಂದಿನ ಸಾಲು: ‘ದರವನ್ನು ದಿನಾಂಕಕ್ಕೆ ತಕ್ಕಂತೆ ಹಾಕಿ.’ ಇದು ಸಾಕಾಗುತ್ತದೆಯೇ?

ಹಳೆಕಡತ:
ಸಾಲದು. ಯಾವ ದಿನಾಂಕ? ‘ಪ್ರಯಾಣ ಮಾಡಿದ ದಿನಾಂಕ’ ಎನ್ನಿ. 2024ರ ಡಿಸೆಂಬರಿನ ಓಡಾಟವನ್ನು ಜನವರಿಯಲ್ಲಿ ಬಿಲ್ಲು ಮಾಡಿದರೂ 67 ಸೆಂಟೇ. 2022ರ ಹಳೆಯ ಬಿಲ್ಲು ಬಂದರೆ ಇನ್ನೂ ಎಚ್ಚರ: ಆ ವರ್ಷ ಜುಲೈ 1ಕ್ಕೆ ನಡುವೆಯೇ 58.5ರಿಂದ 62.5ಕ್ಕೆ ಏರಿತ್ತು. ಮನೆಯಿಂದ ದಿನನಿತ್ಯದ ಕಚೇರಿಗೆ ಹೋಗಿಬರುವ ಮೈಲಿಗಳನ್ನು ಕಳೆಯಬೇಕು ಎಂದೂ ಸೇರಿಸಿ. ಕಾರಿನ ಮೀಟರು ಲೆಕ್ಕ ಮತ್ತು ನಕ್ಷೆಯ ದೂರ ತಾಳೆಯಾಗದಿದ್ದರೆ ಸುತ್ತಿ ಹೋದ ಕಾರಣವನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಬೇಕು.

ಬೇರುನುಡಿ:
‘ಬತ್ತೆ’ ಎಂದಾದರೂ ಅಚ್ಚುಮಾಡಿ.

ಕರಡುಪ್ರತಿ:
ಆಗದು. ತಪಾಸಣೆಯವರ ಸಂಬಳದ ಚೀಟಿಯಲ್ಲಿ ಭತ್ಯೆ ಎಂದೇ ಇದೆ. ‘ಓಡೋಮೀಟರ್ ರೀಡಿಂಗ್’ ಕಾಲಮ್ಮಿಗೆ ಏನು ಹಾಕಲಿ?

ಹಳೆಕಡತ:
ಲಾಗ್ ಪುಸ್ತಕದಲ್ಲಿ ಇರುವ ಹಾಗೆ: ‘ಮೀಟರ್ – ಹೊರಟಾಗ’, ‘ಮೀಟರ್ – ತಲುಪಿದಾಗ’.