ವಾರದ ಮಳೆ ಮುನ್ನೋಟ: ತೋಟಕ್ಕೂ ಹೊಲಕ್ಕೂ ಒಂದೇ ಸಾಲನ್ನು ಹೇಗೆ ಓದಿಕೊಳ್ಳಬೇಕು?

ಪ್ರಶ್ನೆ: ತೋಟಿಗ, ಸಿದ್ದಾಪುರ

ಪುಷ್ಯ ಮಳೆ ಹಿಡಿದುಕೊಂಡಿದೆ. ನಮ್ಮ ಅಡಿಕೆ ತೋಟಕ್ಕೆ ಮೊದಲ ಸಲ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಬೆರೆಸಿದ ಮದ್ದು) ಹೊಡೆದು 45 ದಿನಗಳು ಕಳೆದಿದ್ದು, ಎರಡನೆಯ ಸಲದ ಮದ್ದು ಈ ವಾರ ಬೀಳದಿದ್ದರೆ ಗೊನೆಗಳಿಗೆ ಕೊಳೆ ಹತ್ತುವ ಭಯವಿದೆ. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡರಿಗೆ ಎರಡು ದಿನ ಮೊದಲೇ ಹೇಳಿಡದಿದ್ದರೆ ಅವರು ಬೇರೆ ತೋಟಕ್ಕೆ ಹೋಗಿಬಿಡುತ್ತಾರೆ. ಅತ್ತ ರಾಣೆಬೆನ್ನೂರಿನ ಬಳಿ ನನ್ನ ಅಳಿಯನ ಗೋವಿನಜೋಳ ಮೊಣಕಾಲೆತ್ತರಕ್ಕೆ ಬಂದಿದೆ. ಅವನು ಮೇಲುಗೊಬ್ಬರ ಕೊಡಲು ಒಂದು ಹದ ಮಳೆಗಾಗಿ ಕಾಯುತ್ತಿದ್ದಾನೆ. ನನಗೆ ಹೊಳವು (ಮಳೆಯ ಬಿಡುವು) ಬೇಕು, ಅವನಿಗೆ ಮಳೆ ಬೇಕು.

ಹವಾಮಾನ ಇಲಾಖೆಯ ಈ ವಾರದ ಮುನ್ನೋಟದಲ್ಲಿ ಕರಾವಳಿಯ ಬಹುತೇಕ ಎಲ್ಲ ಕಡೆ ಮಳೆ, ಒಂದೆರಡು ಕಡೆ ಅತಿ ಭಾರೀ ಮಳೆ, ಉತ್ತರ ಒಳನಾಡಿನ ಕೆಲವೆಡೆ ಹಗುರದಿಂದ ಸಾಧಾರಣ ಮಳೆ, ವಾರದ ಕೊನೆಗೆ ಕರಾವಳಿಯಲ್ಲಿ ಮಳೆ ತಗ್ಗುವ ಸಾಧ್ಯತೆ ಎಂದಿದೆ. ಘಟ್ಟದ ಮೇಲಿರುವ ಸಿದ್ದಾಪುರ ಇದರಲ್ಲಿ ಯಾವ ಸಾಲಿಗೆ ಸೇರುತ್ತದೆ? 'ತಗ್ಗುವ ಸಾಧ್ಯತೆ' ಎಂಬುದನ್ನು ನಂಬಿ ಆಳುಗಳಿಗೆ ಹೇಳಬಹುದೇ? ಕಳೆದ ವರ್ಷ ಹೀಗೆಯೇ ನಂಬಿ ಹೊಡೆಸಿದ ಮದ್ದು ಒಂದೇ ಗಂಟೆಯೊಳಗೆ ಹಳ್ಳದ ಪಾಲಾಗಿತ್ತು.

ಉತ್ತರ 1: ಮಳೆ ಅಳೆಯುವ ಹವ್ಯಾಸಿ, ಸಾಗರ

ನಿಮ್ಮ ಮೊದಲ ಪ್ರಶ್ನೆಯಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಇಲಾಖೆ ಕರ್ನಾಟಕವನ್ನು ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಎಂದು ಮೂರು ಉಪವಿಭಾಗಗಳಾಗಿ ನೋಡುತ್ತದೆ ಮತ್ತು ಈ ವಿಂಗಡಣೆ ಜಿಲ್ಲೆಗಳ ಗಡಿಯನ್ನು ಅನುಸರಿಸುತ್ತದೆಯೇ ಹೊರತು ಘಟ್ಟದ ಅಂಚನ್ನಲ್ಲ. ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಇವು ಮೂರೂ ಕರಾವಳಿಯ ಲೆಕ್ಕಕ್ಕೆ ಬರುವುದರಿಂದ ಸಮುದ್ರವೇ ಕಾಣದ ನಿಮ್ಮ ಸಿದ್ದಾಪುರವೂ 'ಕರಾವಳಿ'. ಜೋಗದ ಕಣಿವೆ ದಾಟಿದರೆ ಸಿಗುವ ನಮ್ಮ ಸಾಗರ ಮಾತ್ರ ಶಿವಮೊಗ್ಗ ಜಿಲ್ಲೆಯದಾದ ಕಾರಣ 'ದಕ್ಷಿಣ ಒಳನಾಡು'. ಒಂದೇ ಮೋಡ ಎರಡೂ ದಡಗಳನ್ನು ನೆನೆಸಿದರೂ ಮುನ್ನೋಟದಲ್ಲಿ ನಾವು ಬೇರೆ ಬೇರೆ ಸಾಲುಗಳಲ್ಲಿರುತ್ತೇವೆ. ಇನ್ನು ದಕ್ಷಿಣ ಒಳನಾಡು ಎಂಬ ಒಂದೇ ಹೆಸರಿನಡಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಕಾಣುವ ಆಗುಂಬೆಯೂ ಇದೆ, 500ರ ಆಸುಪಾಸಿನ ಚಳ್ಳಕೆರೆಯೂ ಇದೆ. ಆದ್ದರಿಂದ ಉಪವಿಭಾಗದ ಸಾಲನ್ನು ಓದಿ ನಿಲ್ಲಿಸದೆ, ಜಿಲ್ಲಾವಾರು ಎಚ್ಚರಿಕೆಯ ಪಟ್ಟಿಯನ್ನು ನೋಡಿರಿ.

'ಬಹುತೇಕ ಎಲ್ಲ ಕಡೆ', 'ಹಲವೆಡೆ', 'ಕೆಲವೆಡೆ', 'ಒಂದೆರಡು ಕಡೆ' ಎಂಬ ಮಾತುಗಳು ಪತ್ರಿಕೆಯವರ ಅಲಂಕಾರವಲ್ಲ. ಆ ವಿಭಾಗದ ಮಳೆಮಾಪನ ಕೇಂದ್ರಗಳಲ್ಲಿ ಶೇಕಡಾ 75ಕ್ಕಿಂತ ಹೆಚ್ಚಿನವು ಮಳೆ ಕಾಣುವುದಾದರೆ ಬಹುತೇಕ ಎಲ್ಲ ಕಡೆ. 51ರಿಂದ 75 ಆದರೆ ಹಲವೆಡೆ. 26ರಿಂದ 50 ಆದರೆ ಕೆಲವೆಡೆ. ಅದಕ್ಕೂ ಕಡಿಮೆಯಾದರೆ ಒಂದೆರಡು ಕಡೆ. ಹಾಗೆಯೇ 24 ಗಂಟೆಗಳಲ್ಲಿ 64.5 ಮಿಲಿಮೀಟರ್ ಮುಟ್ಟಿದರೆ ಭಾರೀ, 115.6 ಮುಟ್ಟಿದರೆ ಅತಿ ಭಾರೀ, 204.4 ದಾಟಿದರೆ ಅತ್ಯಂತ ಭಾರೀ. ನೀವು ಬರೆದ ಸಾಲಿನ ಅರ್ಥ ಇಷ್ಟೇ: ನಿಮ್ಮಲ್ಲಿ ಮಳೆ ಬರುವುದು ಹೆಚ್ಚುಕಡಿಮೆ ಖಚಿತ, ಅತಿ ಭಾರೀ ಮಳೆ ನಿಮ್ಮ ತೋಟದಲ್ಲಿಯೇ ಬೀಳುತ್ತದೆಂಬುದು ಖಚಿತವಲ್ಲ. ಅಳಿಯನ ರಾಣೆಬೆನ್ನೂರು ಹಾವೇರಿ ಜಿಲ್ಲೆಯದಾದ್ದರಿಂದ ಉತ್ತರ ಒಳನಾಡಿನ ಸಾಲಿಗೆ ಸೇರುತ್ತದೆ; ಅಲ್ಲಿ 'ಕೆಲವೆಡೆ' ಎಂದರೆ ಅವನ ಹೊಲ ನೆನೆಯದೆ ಉಳಿಯುವ ಸಂಭವವೇ ಹೆಚ್ಚು. ಇಲಾಖೆಯ ದಿನ ಬೆಳಿಗ್ಗೆ 8.30ಕ್ಕೆ ಹುಟ್ಟಿ ಮರುದಿನ 8.30ಕ್ಕೆ ಮುಗಿಯುತ್ತದೆ ಎಂಬುದೂ ನೆನಪಿರಲಿ. ಗುರುವಾರದ ಮಳೆಯೆಂದು ಪ್ರಕಟವಾಗುವ ಅಂಕಿಯಲ್ಲಿ ಬುಧವಾರ ಹಗಲಿನದೇ ದೊಡ್ಡ ಪಾಲಿರಬಹುದು.

ತಗ್ಗುವ ಮಾತಿಗೆ ಬರೋಣ. ಮುನ್ನೋಟದ ಮೊದಲ ಭಾಗದಲ್ಲಿ ದೇಶದ ಹವಾಮಾನ ಸ್ಥಿತಿಯ ವಿವರಣೆ ಇರುತ್ತದೆ, ಅದನ್ನು ಯಾರೂ ಓದುವುದಿಲ್ಲ. ಗುಜರಾತ್ ತೀರದಿಂದ ಉತ್ತರ ಕೇರಳದ ತೀರದವರೆಗೆ ಕಡಲಂಚಿನ ಕಡಿಮೆ ಒತ್ತಡದ ಪಟ್ಟಿ ಇದೆ ಎಂದು ಅಲ್ಲಿ ಬರೆದಿದ್ದು, ಜೊತೆಗೆ ಬಂಗಾಳ ಕೊಲ್ಲಿಯ ಉತ್ತರ ಭಾಗದಲ್ಲಿ ವಾಯುಭಾರ ಕುಸಿತವೂ ಇದ್ದರೆ, ಪಡುವಣ ಗಾಳಿ ಬಲಗೊಂಡು ಘಟ್ಟಕ್ಕೆ ಅಪ್ಪಳಿಸಿ ಮೇಲೇರುವುದರಿಂದ ಹೊಳವು ಸಿಗುವುದು ಕಷ್ಟ. ಆ ಕುಸಿತ ಒಡಿಶಾ, ಛತ್ತೀಸಗಡ ದಾಟಿ ಮಧ್ಯಪ್ರದೇಶದತ್ತ ಸರಿದು ದುರ್ಬಲವಾದ ಮೇಲೆ ನಮ್ಮ ಕಡೆ ಮಳೆಯ ಬಿರುಸು ಇಳಿಯುತ್ತದೆ. ಉತ್ತರ ಭಾರತದ ಬಯಲಿನ ಮೇಲೆ ಚಾಚಿರುವ ಕಡಿಮೆ ಒತ್ತಡದ ಮಾನ್ಸೂನ್ ಪಟ್ಟಿಯೇ ಹಿಮಾಲಯದ ಬುಡಕ್ಕೆ ಸರಿದರಂತೂ ಮಲೆನಾಡಿನಲ್ಲಿಯೂ ಬಿಸಿಲು ಕಾಣಬಹುದು. ಮೊದಲ ಎರಡು ಮೂರು ದಿನಗಳ ಮುನ್ಸೂಚನೆಗೆ ಇರುವ ಗಟ್ಟಿತನ ಆರು, ಏಳನೆಯ ದಿನಕ್ಕೆ ಇರುವುದಿಲ್ಲವಾದ್ದರಿಂದ ವಾರದ ಕೊನೆಯನ್ನು ಈಗಲೇ ಗೊತ್ತು ಮಾಡಿಕೊಳ್ಳದೆ, ಪ್ರತಿದಿನದ ಪರಿಷ್ಕರಣೆಯಲ್ಲಿ ಅದೇ ಮಾತು ಉಳಿಯುತ್ತದೆಯೇ ಎಂದು ನೋಡುವುದು ಲೇಸು.

ಉತ್ತರ 2: ಕೃಷ್ಣಾ ತೀರದವ, ದೇವದುರ್ಗ

ಉತ್ತರ ಒಳನಾಡಿನವರಾದರೂ ನದಿ ದಂಡೆಯ ನಾವು ನಮ್ಮ ಸಾಲಿಗಿಂತ ಮಧ್ಯ ಮಹಾರಾಷ್ಟ್ರದ ಘಟ್ಟ ಪ್ರದೇಶದ ಸಾಲನ್ನು ಮೊದಲು ಓದುತ್ತೇವೆ. ಮಹಾಬಳೇಶ್ವರದ ಸುತ್ತ, ಕೊಯ್ನಾ ಜಲಾನಯನದಲ್ಲಿ ಕೆಂಪು ಎಚ್ಚರಿಕೆ ಬಿದ್ದರೆ, ನಮ್ಮಲ್ಲಿ ಹನಿ ಮಳೆಯಿಲ್ಲದಿದ್ದರೂ ಆಲಮಟ್ಟಿ, ನಾರಾಯಣಪುರ ದಾಟಿ ನೀರು ಬರುತ್ತದೆ. 2019ರ ಆಗಸ್ಟ್ ತಿಂಗಳನ್ನು ಕಂಡವರು ಇದನ್ನು ಮರೆಯುವುದಿಲ್ಲ. ದಂಡೆಯ ಪಂಪ್‌ಸೆಟ್ ಎತ್ತಿಡುವ ನಿರ್ಧಾರಕ್ಕೆ ರಾಯಚೂರಿನ ಮಳೆಯ ಅಂಕಿ ಯಾವ ಉಪಯೋಗಕ್ಕೂ ಬಾರದು.

ಉತ್ತರ 3: ನಾಡದೋಣಿಯವ, ಮಲ್ಪೆ

ಕಡಲಿಗಿಳಿಯುವ ನಮಗೆ ಮಳೆಗಿಂತ ಗಾಳಿಯ ಸಾಲು ಮುಖ್ಯ. ಯಾಂತ್ರಿಕ ದೋಣಿಗಳಿಗೆ ಜುಲೈ 31ರವರೆಗೆ ನಿಷೇಧವಿದ್ದರೂ ನಾಡದೋಣಿಗಳು ಈಗಲೂ ಇಳಿಯುತ್ತವೆ. ಗಂಟೆಗೆ 40ರಿಂದ 50 ಕಿಲೋಮೀಟರ್ ವೇಗದ ಗಾಳಿ ಎಂದು ಬರೆದಿದ್ದರೆ ಮಳೆ ನಿಂತು ಬಿಸಿಲಿದ್ದರೂ ನಾವು ದೋಣಿ ಇಳಿಸುವುದಿಲ್ಲ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಪ್ರಕಟಿಸುವ ಅಲೆಗಳ ಎತ್ತರದ ಎಚ್ಚರಿಕೆಯನ್ನೂ ನೋಡುವುದುಂಟು. ಗಾಳಿ ತಗ್ಗಿದ ಮರುದಿನವೂ ಅಲೆ ತಗ್ಗಿರುವುದಿಲ್ಲ.

ಮರುಪ್ರಶ್ನೆ: ತೋಟಿಗ, ಸಿದ್ದಾಪುರ

ನಾನು ಇಷ್ಟು ವರ್ಷ ಮಲೆನಾಡೆಂದುಕೊಂಡು ದಕ್ಷಿಣ ಒಳನಾಡಿನ ಸಾಲನ್ನು ಓದುತ್ತಿದ್ದೆ! ಅಳಿಯನಿಗೆ ಏನು ಹೇಳಲಿ?

ಉತ್ತರ 1: ಮಳೆ ಅಳೆಯುವ ಹವ್ಯಾಸಿ, ಸಾಗರ

ಜಿಲ್ಲಾ ಮಟ್ಟದ ಕೃಷಿ ಹವಾಮಾನ ಸಲಹೆ ಪ್ರತಿ ಮಂಗಳವಾರ ಮತ್ತು ಶುಕ್ರವಾರ ಬರುತ್ತದೆ, 'ಮೇಘದೂತ್' ಆ್ಯಪ್‌ನಲ್ಲಿಯೂ ಸಿಗುತ್ತದೆ. ಹಾವೇರಿಯದನ್ನು ಅವನು ಓದಲಿ. ನೆಲದಲ್ಲಿ ತೇವವಿದ್ದರೆ ಮಳೆಗಾಗಿ ಕಾಯದೆ ಗೊಬ್ಬರ ಕೊಟ್ಟು ಎಡೆಕುಂಟೆ ಹೊಡೆದು ಮಣ್ಣು ಮುಚ್ಚಬಹುದು. ತೇವವೇ ಇಲ್ಲದಿದ್ದರೆ 'ಕೆಲವೆಡೆ' ಎಂಬ ಮಾತಿನ ಮೇಲೆ ಯೂರಿಯಾ ಚೆಲ್ಲುವುದು ಬೇಡ. ನಿಮ್ಮ ಮದ್ದಿಗೆ ಬೇಕಾದುದು ಇಡೀ ದಿನದ ಹೊಳವಲ್ಲ, ಹೊಡೆದ ಮೇಲೆ ಗೊನೆ ಒಣಗುವಷ್ಟು ಹೊತ್ತು. ಅದಕ್ಕೆ ಆ ದಿನ ಬೆಳಿಗ್ಗೆ ಪ್ರಕಟವಾಗುವ ಮೂರು ಗಂಟೆಗಳ ತತ್ಕಾಲ ಮುನ್ಸೂಚನೆ, ವಾರದ ಮುನ್ನೋಟಕ್ಕಿಂತ ಹೆಚ್ಚು ಉಪಕಾರಿ.

ತೋಟಿಗ, ಸಿದ್ದಾಪುರ

ಶುಕ್ರವಾರಕ್ಕೆ ಕೊನೆಗೌಡರಿಗೆ ಹೇಳಿ, ಮಳೆ ಬಿಡದಿದ್ದರೆ ಶನಿವಾರವೆಂದು ಮಾತಾಡಿಕೊಂಡಿದ್ದೇನೆ. ಬೋರ್ಡೋ ಕೂಡಿಸಿದ ದಿನವೇ ಹೊಡೆದು ಮುಗಿಸಬೇಕಾದ ಮದ್ದಾದ್ದರಿಂದ, ಮೈಲುತುತ್ತವನ್ನೂ ಸುಣ್ಣವನ್ನೂ ಬೇರೆ ಬೇರೆ ಪೀಪಾಯಿಗಳಲ್ಲಿ ನೆನೆಸಿಟ್ಟು, ಬೆಳಗಿನ ಮುನ್ಸೂಚನೆ ಓದಿ ಪಡುವಣ ದಿಕ್ಕನ್ನು ಒಮ್ಮೆ ನೋಡಿದ ಮೇಲೆಯೇ ಎರಡನ್ನೂ ಬೆರೆಸುತ್ತೇನೆ.