ಪದಚರ್ಚೆ: ‘ಪವರ್ಡ್ ಆರ್ಮರ್’ಗೆ ‘ಕಸುವಂಗಿ’ ಆದೀತಾ?

ಗೆಳೆಯರೇ,

ಒಂದು ಪದ ಎರಡು ತಿಂಗಳಿಂದ ನನ್ನನ್ನು ಕಾಡುತ್ತಿದೆ. ನಾನು ಬರೆಯುತ್ತಿರುವ ವೈಜ್ಞಾನಿಕ ಕಥೆಯಲ್ಲಿ ಚಂದ್ರನ ಮೇಲೆ ಯುದ್ಧ ನಡೆಯುತ್ತದೆ. ಅಲ್ಲಿನ ಕಾಲಾಳುಗಳ ಕವಚ ಬರೀ ಗುಂಡು ತಡೆಯುವ ಕವಚವಲ್ಲ. ಅದರೊಳಗೆ ಬ್ಯಾಟರಿ ಇದೆ, ಕೀಲು ಕೀಲಿಗೂ ಮೋಟಾರು ಇದೆ. ತೊಟ್ಟವಳು ಕೈ ಎತ್ತಿದರೆ ಅದೂ ಕೈ ಎತ್ತುತ್ತದೆ, ಆದರೆ ಅವಳ ಹತ್ತು ಪಟ್ಟು ಬಲದಿಂದ. ಇಂಗ್ಲಿಷಿನಲ್ಲಿ ಇದಕ್ಕೆ ಪವರ್ಡ್ ಆರ್ಮರ್ ಎನ್ನುತ್ತಾರೆ. ಕನ್ನಡದಲ್ಲಿ ಏನನ್ನೋಣ?

ಮೊದಲು ಹೊಳೆದದ್ದು ‘ಶಕ್ತಿ ಕವಚ’. ಆ ಭಾಗವನ್ನು ಅಮ್ಮನಿಗೆ ಓದಿ ಹೇಳುತ್ತಿದ್ದೆ. ಸೈನಿಕರು ಸಾಲಾಗಿ ನಿಂತು ಶಕ್ತಿ ಕವಚ ಧರಿಸಿದರು ಎಂಬಲ್ಲಿಗೆ ಬಂದಾಗ ಅಮ್ಮ ತಡೆದು, “ಯಾವ ದೇವಿದು?” ಎಂದು ಕೇಳಿದರು. ಅವರು ಕೇಳಿದ್ದು ಸರಿಯಾಗಿಯೇ ಇತ್ತು. ದೇವೀಕವಚ, ಶಿವಕವಚ, ನಾರಾಯಣ ಕವಚ ಕೇಳಿ ಬೆಳೆದವರಿಗೆ ಕವಚ ಎಂದರೆ ಬಾಯಲ್ಲಿ ಹೇಳುವ ಸ್ತೋತ್ರವೂ ಹೌದು. ಸರಿ, ‘ಯಂತ್ರಕವಚ’ ಎನ್ನೋಣ ಎಂದರೆ ಅದೂ ಅಲ್ಲಿಗೇ ಹೋಗುತ್ತದೆ. ತಗಡಿನ ಮೇಲೆ ಬರೆದು ತಾಯಿತದೊಳಗಿಟ್ಟು ಕಟ್ಟುವುದಕ್ಕೂ ನಾವು ಯಂತ್ರ ಎಂದೇ ಹೇಳುತ್ತೇವೆ. ಎರಡು ಪದ ಒಟ್ಟಿಗೆ ಬಂದರೆ ಮಂತ್ರವಾದಿಯ ಮನೆ ನೆನಪಾಗುತ್ತದೆಯೇ ಹೊರತು ರಣರಂಗವಲ್ಲ.

ಇನ್ನೊಂದು ತೊಂದರೆ ಇದೆ. ಕವಚ ಎಂಬ ಪದದೊಳಗಿಂದ ಮನುಷ್ಯನ ಮೈಯೇ ಜಾರಿಹೋಗಿದೆ. 2008ರಲ್ಲಿ ನಮ್ಮಲ್ಲಿ 108 ಆಂಬುಲೆನ್ಸ್ ಸೇವೆ ಶುರುವಾದಾಗ ಅದಕ್ಕಿಟ್ಟ ಹೆಸರು ಆರೋಗ್ಯ ಕವಚ. ರೈಲುಗಳು ಡಿಕ್ಕಿಯಾಗದಂತೆ ತಡೆಯುವ ಏರ್ಪಾಡಿಗೂ ಕವಚ ಅಂತಲೇ ಹೆಸರು. ಯಾವ ಬಗೆಯ ಕಾವಲಾದರೂ ಈಗ ಕವಚವೇ. ‘ವಿದ್ಯುತ್ ಕವಚ’ ಎಂದು ಬರೆದು ನೋಡಿದೆ. ಗೆಳತಿಯೊಬ್ಬಳು ಅದನ್ನು ಶಾಕ್ ಹೊಡೆಯದ ಹಾಗೆ ಹಾಕಿಕೊಳ್ಳುವ ಉಡುಪು ಅಂದುಕೊಂಡಳು. ನನಗೆ ಬೇಕಾದದ್ದು ಕರೆಂಟಿನಿಂದ ಕಾಪಾಡುವ ಕವಚವಲ್ಲ, ಕರೆಂಟಿನಿಂದ ನಡೆಯುವ ಕವಚ.

ಹಾಗಾಗಿ ಈ ಕಲ್ಪನೆ ಹುಟ್ಟಿದ ಕಡೆಗೇ ಹೋಗಿ ನೋಡಿದೆ. ಯುದ್ಧದ ಕಥೆಗಳಲ್ಲಿ ಇದನ್ನು ಗಟ್ಟಿಯಾಗಿ ನಿಲ್ಲಿಸಿದ್ದು 1959ರಲ್ಲಿ ಬಂದ ರಾಬರ್ಟ್ ಹೈನ್‌ಲೈನ್ ಅವರ ಸ್ಟಾರ್‌ಶಿಪ್ ಟ್ರೂಪರ್ಸ್ ಕಾದಂಬರಿ. ಅಲ್ಲಿನ ಸೈನಿಕನ ಪೂರ್ತಿ ಸಜ್ಜು ಸುಮಾರು ಎರಡು ಸಾವಿರ ಪೌಂಡ್ ತೂಗುತ್ತದೆ, ಅಂದರೆ 900 ಕಿಲೋ. ಆದರೂ ಅವನಿಗೆ ಭಾರ ಗೊತ್ತಾಗುವುದಿಲ್ಲ. ಒಳಗಡೆ ನೂರಾರು ಕಡೆ ಒತ್ತಡವನ್ನು ಗ್ರಹಿಸುವ ಸಾಧನಗಳಿವೆ. ಅಂಗೈಯಿಂದ ಒತ್ತಿದರೆ ಆ ಒತ್ತು ಅವಕ್ಕೆ ತಿಳಿಯುತ್ತದೆ. ಆ ಒತ್ತು ಇಲ್ಲವಾಗುವ ತನಕ ಸೂಟು ತಾನೇ ಮುಂದಕ್ಕೆ ಚಲಿಸುತ್ತದೆ. ನಡೆಸಬೇಕಾಗಿಲ್ಲ, ಓಡಿಸಬೇಕಾಗಿಲ್ಲ, ಸುಮ್ನೆ ತೊಟ್ಟರೆ ಸಾಕು ಎಂಬುದೇ ಅಲ್ಲಿನ ವಿವರಣೆಯ ತಿರುಳು.

ನಿಜ ಜೀವನದಲ್ಲಿ ಇದು ಅಷ್ಟು ಸಲೀಸಾಗಿರಲಿಲ್ಲ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ 1960ರ ದಶಕದಲ್ಲಿ ಹಾರ್ಡಿಮನ್ ಎಂಬ, ಮೈಗೆ ತೊಡುವ ಯಂತ್ರವನ್ನು ಕಟ್ಟತೊಡಗಿತು. ಅದರ ತೂಕ 680 ಕಿಲೋ. ಇಡೀ ಯಂತ್ರವನ್ನು ಒಟ್ಟಿಗೆ ಚಾಲೂ ಮಾಡಿದರೆ ಹಿಡಿತಕ್ಕೇ ಸಿಗದೆ ಅದುರುತ್ತಿತ್ತು. ಕೊನೆಗೆ ಒಂದು ತೋಳು ಮಾತ್ರ ಕೆಲಸಕ್ಕೆ ಬಂತು. ಅಮೆರಿಕದ ಸೇನೆ 2013ರಲ್ಲಿ ಇಂಥದ್ದೇ ಕವಚಕ್ಕಾಗಿ ಟ್ಯಾಲೋಸ್ ಎಂಬ ಯೋಜನೆ ಹಾಕಿಕೊಂಡು 2019ರಲ್ಲಿ ಕೈಬಿಟ್ಟಿತು.

ಆದರೆ ನನಗೆ ದಾರಿ ತೋರಿಸಿದ್ದು ಆ ‘ತೊಟ್ಟರೆ ಸಾಕು’ ಎಂಬ ಮಾತು. ಕನ್ನಡದಲ್ಲಿ ನಾವು ಸೀರೆ ಉಡುತ್ತೇವೆ, ಅಂಗಿ ತೊಡುತ್ತೇವೆ, ಹೂ ಮುಡಿಯುತ್ತೇವೆ, ಶಾಲು ಹೊದೆಯುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ. ಒಂದೊಂದಕ್ಕೂ ಒಂದೊಂದು ಕ್ರಿಯಾಪದ. ‘ಧರಿಸು’ ಎಲ್ಲಕ್ಕೂ ನಡೆಯುತ್ತದೆ, ಅದಕ್ಕೇ ಅದರಿಂದ ಏನೂ ತಿಳಿಯುವುದಿಲ್ಲ. ನನ್ನ ಕಥೆಯಿಂದ ‘ಧರಿಸು’ವನ್ನು ಪೂರ್ತಿ ತೆಗೆದುಹಾಕಿದ್ದೇನೆ. ಕುದುರೆಯನ್ನಾದರೆ ಏರುತ್ತೇವೆ, ಬಸ್ಸನ್ನಾದರೆ ಹತ್ತುತ್ತೇವೆ. ಅಂದರೆ ಇದು ಉಡುಪೋ ವಾಹನವೋ ಎಂಬುದನ್ನು ನಮ್ಮ ಕ್ರಿಯಾಪದವೇ ಹೇಳಿಬಿಡುತ್ತದೆ. 1979ರ ಜಪಾನಿ ಕಾರ್ಟೂನ್ ಸರಣಿ ಗುಂಡಮ್‌ನ ಯಂತ್ರಗಳಿಗೆ ಮೊಬೈಲ್ ಸೂಟ್ ಎಂದು ಹೆಸರು. ಹೆಸರಿನಲ್ಲಿ ಸೂಟ್ ಇದ್ದರೂ ಗುಂಡಮ್ 18 ಮೀಟರ್ ಎತ್ತರ. ಒಳಗೆ ಕೂತು ನಡೆಸಬೇಕು. ಕನ್ನಡದಲ್ಲಿ ಯಾರೂ ಅದನ್ನು ತೊಟ್ಟ ಎನ್ನಲಾರರು, ಹತ್ತಿದ ಎಂದೇ ಹೇಳುತ್ತಾರೆ. ನನಗೆ ಬೇಕಾದ ಪದ ‘ತೊಡು’ ಜೊತೆಗೆ ಹೊಂದಬೇಕು. ಹೊಂದದಿದ್ದರೆ ಅದು ಬೇರೆ ವಸ್ತು.

ಹಳೆಯ ಪದಗಳನ್ನೂ ಹುಡುಕಿದೆ. ಕುಮಾರವ್ಯಾಸನಲ್ಲಿ ಕವಚಕ್ಕೆ ‘ಜೋಡು’ ಸಿಗುತ್ತದೆ, ಶಿರಸ್ತ್ರಾಣಕ್ಕೆ ‘ಸೀಸಕ’. ಕುದುರೆಗೆ ಹೊದಿಸುವ ಕವಚಕ್ಕೆ ‘ಹಕ್ಕರಿಕೆ’ ಎಂಬ ಬೇರೆ ಪದವೇ ಇದೆ. ಮನುಷ್ಯನಿಗೊಂದು, ಕುದುರೆಗೊಂದು! ಎಷ್ಟು ಶ್ರೀಮಂತವಾಗಿತ್ತು ಈ ಶಬ್ದಲೋಕ. ‘ಜೋಡು’ ನನಗೆ ತುಂಬಾ ಇಷ್ಟ. ಆದರೆ ಇವತ್ತಿನ ಓದುಗರಿಗೆ ಜೋಡು ಎಂದರೆ ಜೊತೆ, ಇಲ್ಲವೇ ಕಾಲಿಗೆ ಮೆಟ್ಟುವ ಜೋಡು. ‘ಉಕ್ಕಿನ ಜೋಡು’ ಎಂದರೆ ಬೂಟು ಅಂದುಕೊಳ್ಳುವವರೇ ಜಾಸ್ತಿ. ಎಕ್ಸೋಸ್ಕೆಲಿಟನ್‌ಗೆ, ಅಂದರೆ ಮೈ ಹೊರಗಿನ ಗಟ್ಟಿ ಚಿಪ್ಪಿಗೆ, ಹೇಳುವ ‘ಹೊರಕಂಕಾಲ’ ಏಡಿ, ಜೀರುಂಡೆಗಳ ಪಾಠಕ್ಕೆ ಸರಿ. ಆದರೆ ಅದು ಮೈಮೇಲೇ ಬೆಳೆಯುವಂಥದ್ದು, ತೊಡುವಂಥದ್ದಲ್ಲ.

ಹುಡುಕುತ್ತಾ ಹೋದಾಗ ‘ವಜ್ರಾಂಗಿ’ ಸಿಕ್ಕಿತು. ಇದೂ ಕವಚಕ್ಕಿದ್ದ ಹೆಸರೇ. ನನ್ನ ಕಣ್ಣು ನಿಂತದ್ದು ಅದರ ಕೊನೆಯ ‘ಅಂಗಿ’ಯ ಮೇಲೆ. ಅಂಗಿ ಎಂದ ಕೂಡಲೇ ತೊಡುವುದು ಅಂತ ತಾನಾಗಿ ಬಂತು, ಅಲ್ವಾ? ಹಾಗಾದರೆ ‘ಯಂತ್ರಾಂಗಿ’ ಎನ್ನಬಹುದು. ಆದರೆ ಅದಕ್ಕಿಂತ ಚೆನ್ನಾಗಿ ಕೂತದ್ದು ‘ಕಸುವಂಗಿ’. ನಿಲುವು, ಅಂಗಿ ಸೇರಿ ನಿಲುವಂಗಿ ಆದ ಹಾಗೆ, ಕಸುವು, ಅಂಗಿ ಸೇರಿ ಕಸುವಂಗಿ. ಕಸುವು ಎಂದರೆ ಬಲ, ಮೈಯಲ್ಲಿರುವ ತ್ರಾಣ. ಈ ಉಡುಪು ಮಾಡುವುದೂ ಅದನ್ನೇ, ತೊಟ್ಟವರ ಕಸುವನ್ನು ಹೆಚ್ಚಿಸುತ್ತದೆ.

ಕಥೆಯ ವಾಕ್ಯದಲ್ಲಿ ಇಟ್ಟು ನೋಡಿದೆ:

“ಗಂಟೆ ಬಾರಿಸಿತು. ಅವಳು ಕಸುವಂಗಿ ತೊಟ್ಟಳು. ಎದೆಯ ಕೊಂಡಿ ಬಿಗಿದಳು. ಮೊದಲ ಹೆಜ್ಜೆ ಯಾವಾಗಲೂ ಜಾಸ್ತಿ ದೂರ ಹೋಗಿಬಿಡುತ್ತದೆ ಎಂದು ನೆನಪಿಸಿಕೊಂಡು, ಪಾದವನ್ನು ಮೆಲ್ಲಗೆ ಊರಿದಳು.”

ಓದುವಾಗ ನಾನೆಲ್ಲೂ ತಡವರಿಸಲಿಲ್ಲ. ‘ಕಸುವಂಗಿ ಕಳಚಿದಳು’ ಎಂದರೂ ಸರಿ, ದಳವನ್ನೇ ‘ಕಸುವಂಗಿಯವರು’ ಎಂದರೂ ಸರಿ.

ಆಕ್ಷೇಪಣೆಗಳು ಬರುತ್ತವೆ ಎಂದು ಗೊತ್ತು. ಅಂಗಿ ಎಂದರೆ ಸೊಂಟದ ತನಕ ಮಾತ್ರ, ತಲೆ ಕಾಲು ಮುಚ್ಚುವುದಿಲ್ಲ ಎಂದು ಒಬ್ಬರು ಈಗಾಗಲೇ ಹೇಳಿದ್ದಾರೆ. ಕಾಲಿನ ತನಕ ಇಳಿಯುವ ನಿಲುವಂಗಿ ಇದೆಯಲ್ಲ ಎನ್ನುವುದು ನನ್ನ ಉತ್ತರ. ಇನ್ನೊಂದು ಆಕ್ಷೇಪಣೆ ನನಗೂ ಚುಚ್ಚುತ್ತದೆ. ಕಸುವಂಗಿ ಎಂಬಲ್ಲಿ ಕಾಪಾಡುವ ಅರ್ಥ ಎಲ್ಲಿದೆ? ಆರ್ಮರ್ ಎಂಬುದರ ಅರ್ಧ ಕೈಬಿಟ್ಟ ಹಾಗಾಯಿತು. ಗೋದಾಮಿನಲ್ಲಿ ಮೂಟೆ ಹೊರುವವರು ಹಾಕಿಕೊಳ್ಳುವ ಮೋಟಾರು ಪಟ್ಟಿಗಳನ್ನೂ ಕಸುವಂಗಿ ಎನ್ನಬಹುದು. ಯುದ್ಧದ್ದನ್ನು ಬೇರೆ ಮಾಡಲು ‘ಉಕ್ಕಿನ ಕಸುವಂಗಿ’ ಎನ್ನಬೇಕಾ? ಅಥವಾ ಕಥೆಯ ಸಂದರ್ಭವೇ ಸಾಕಾ? ಸಂದರ್ಭ ಸಾಕು ಎಂಬ ಕಡೆಗೆ ನನ್ನ ಮನಸ್ಸು ವಾಲುತ್ತಿದೆ.

ಕೊನೆಯದಾಗಿ ಕರಾವಳಿಯವರಲ್ಲಿ ಒಂದು ಕೇಳಿಕೆ. ಸೂಟಿನ ಬಿಡಿಭಾಗಗಳಿಗೆ ಯಕ್ಷಗಾನದ ಚೌಕಿಯಿಂದ, ಅಂದರೆ ವೇಷ ಕಟ್ಟುವ ಕೋಣೆಯಿಂದ, ಪದ ತೆಗೆದುಕೊಳ್ಳುತ್ತಿದ್ದೇನೆ. ಹೆಗಲ ಮೇಲಿನ ಫಲಕಕ್ಕೆ ಭುಜಕೀರ್ತಿ, ಎದೆಯದ್ದಕ್ಕೆ ಎದೆಕಟ್ಟು, ತೋಳಿನದ್ದಕ್ಕೆ ತೋಳುಕಟ್ಟು. ವೇಷ ಕಟ್ಟುವಾಗ ಹಿಂದೆ ನಿಂತು ದಾರ ಎಳೆದು ಬಿಗಿಯುವವರು ಇರುತ್ತಾರಲ್ಲ, ನನ್ನ ಕಥೆಯ ಸೈನಿಕರಿಗೂ ಅಂಥವರು ಬೇಕು. ಕಸುವಂಗಿಯನ್ನು ಒಬ್ಬರೇ ತೊಡಲು ಆಗುವುದಿಲ್ಲ. ಹಾಗೆ ಬಿಗಿಯುವವರಿಗೆ ನಿಮ್ಮ ಚೌಕಿಯಲ್ಲಿ ಏನೆಂದು ಕರೆಯುತ್ತಾರೆ? ಬಿಗಿ ಸಾಲದೆ ಆಟದ ನಡುವೆ ಕಟ್ಟು ಸಡಿಲವಾದರೆ ಅದಕ್ಕೆ ಏನನ್ನುತ್ತಾರೆ? ನಿಘಂಟಿನಲ್ಲಿರುವ ಪದ ಬೇಡ, ನೀವು ಕಿವಿಯಾರೆ ಕೇಳಿದ್ದನ್ನೇ ತಿಳಿಸಿ.