ಸಹಾಯ ಬೇಕು: ‘ಮೈಂಡ್’ ಮಾಡೋದು ಅಂದರೆ ಏನು ಸ್ವಾಮಿ?

ಎಲ್ಲರಿಗೂ ನಮಸ್ಕಾರ. ಮನಸ್ಸು ಅನ್ನೋ ಅರ್ಥದ ಮೈಂಡ್ ಅಲ್ಲ, ಕ್ರಿಯಾಪದ ಮೈಂಡ್ ಬಗ್ಗೆ ಕೇಳುತ್ತಿದ್ದೇನೆ.

ಮೊನ್ನೆ ಆಫೀಸ್ ಕಾಲ್‌ನಲ್ಲಿ ಲಂಡನ್ನಿನವರೊಬ್ಬರು ‘ವುಡ್ ಯು ಮೈಂಡ್ ಇಫ್ ವಿ ಸ್ಟಾರ್ಟೆಡ್ ಅಟ್ ಸಿಕ್ಸ್’ ಅಂದರು. ನಾನು ಧಾರಾಳವಾಗಿ ‘ಎಸ್, ಎಸ್’ ಅಂದೆ. ಆ ಕಡೆ ಎರಡು ಸೆಕೆಂಡ್ ಮೌನ, ಆಮೇಲೆ ‘ಓ, ಸಾರಿ’. ಅವರು ಕೇಳಿದ್ದು ‘ನಿಮಗೇನಾದರೂ ತೊಂದರೆಯಾ’ ಅಂತ, ನಾನು ನಗುನಗುತ್ತಾ ‘ಹೌದು, ತೊಂದರೆ’ ಅಂದ ಹಾಗಾಯ್ತು! ಒಪ್ಪಿಗೆ ಇದ್ದರೆ ‘ನೋ, ನಾಟ್ ಅಟ್ ಆಲ್’ ಅನ್ನಬೇಕು ಅಂತ ಪಕ್ಕದ ಸೀಟಿನ ಹುಡುಗಿ ಆಮೇಲೆ ಹೇಳಿದಳು. ಆದರೆ ಅವರವರೇ ಮಾತಾಡುವಾಗ ‘ಶೂರ್’ ಅಂದಿದ್ದನ್ನೂ ಕೇಳಿದ್ದೇನೆ. ಅದು ನಡೆಯುತ್ತಾ?

ಇನ್ನು ಲಂಡನ್ನಿನ ಸುರಂಗ ರೈಲಿನಲ್ಲಿ 1968ರಿಂದ ಕೂಗುವ ‘ಮೈಂಡ್ ದ ಗ್ಯಾಪ್’ನಲ್ಲಿ ಅದೇ ಪದಕ್ಕೆ ಹುಷಾರು ಅಂತ ಅರ್ಥ. ‘ಮೈಂಡ್ ದ ಬೇಬಿ’ ಅಂದರೆ ಮಗು ನೋಡ್ಕೋ. ಸ್ಕಾಟ್ಲೆಂಡಿನವರು ನೆನಪಿಟ್ಕೋ ಅನ್ನೋದಕ್ಕೂ ಇದನ್ನೇ ಬಳಸುತ್ತಾರೆ. ಒಂದು ರೀತಿಯಲ್ಲಿ ನಮ್ಮ ‘ನೋಡ್ಕೋ’ ಇದ್ದ ಹಾಗೇ ಅಲ್ವಾ, ಮೆಟ್ಟಿಲು ನೋಡ್ಕೊಂಡು ಇಳಿ, ಅಂಗಡಿ ನೋಡ್ಕೋ ಅಂತೀವಲ್ಲ.

ನನಗೆ ಜಾಸ್ತಿ ಗೊಂದಲ ಇರೋದು ಎರಡು ಕಡೆ. ‘ವುಡ್ ಯು ಮೈಂಡ್ ಓಪನಿಂಗ್ ದ ಡೋರ್’ ಸರಿ, ‘ಟು ಓಪನ್’ ತಪ್ಪಂತೆ, ಯಾಕೆ? ಮತ್ತೆ ಟೀನಾ ಕಾಫಿನಾ ಅಂದರೆ ‘ಐ ಡೋಂಟ್ ಮೈಂಡ್’ ಅಂತಾರಲ್ಲ, ಅದು ಯಾವುದಾದರೂ ಸರಿ ಅಂತಲಾ, ಅಥವಾ ಎರಡೂ ಬೇಡ ಅಂತಲಾ?

ಇಂಗ್ಲಿಷ್ ಪಾಠ ಮಾಡುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಗುರುವಾರ ಮತ್ತೆ ಅವರ ಜೊತೆ ಕಾಲ್ ಇದೆ.